ಸಿದ್ದಾಪುರದ ಹುಟ್ಟುಸಾವಿನ ಪುಸ್ತಕ

ಲೆಕ್ಕ ಸುಲಭವಿತ್ತು ಆಗ.
ಒಂದು ಗುಂಡು ಕೇಳಿದರೆ ಗಂಡು ಹುಟ್ಟಿತು,
ಎರಡು ಕೇಳಿದರೆ ಯಾರೋ ಹೋದರು.
ಕಚೇರಿಯ ಜಗಲಿಯಲ್ಲಿ ಕೂತೇ
ಸದ್ದಿನ ದಿಕ್ಕು ಹಿಡಿದು, ಗಡಿಯಾರ ನೋಡಿ
ಪೆನ್ಸಿಲಿನಲ್ಲಿ ಗೀಚಿಡುತ್ತಿದ್ದೆ:
ಕರಡಿಗೋಡು, ಮೂರೂವರೆ, ಗಂಡು.
ಮನೆಯವರು ಬಂದು ಹೆಸರು ಹೇಳಿದ ಮೇಲೆ
ಅದರ ಮೇಲೆ ಮಸಿ.
ಹೆಣ್ಣು ಹುಟ್ಟಿದರೆ ಕಂಚಿನ ತಟ್ಟೆ ಬಡಿಯುತ್ತಿದ್ದರು,
ಅದು ಅಂಗಳ ದಾಟಿ ಕೇಳುತ್ತಿರಲಿಲ್ಲ.
ಹಾಗಾಗಿ ನನ್ನ ಪುಸ್ತಕದಲ್ಲಿ ಹೆಣ್ಣುಮಕ್ಕಳೆಲ್ಲ
ಎರಡು ವಾರ ತಡವಾಗಿ ಹುಟ್ಟಿದವರು.

ಐವತ್ತಾರರ ಪುತ್ತರಿ ಹುಣ್ಣಿಮೆ.
ಹೊಳೆಯ ಆಚೆ ಸೇರುವವರು, ಈಚೆ ಸೇರದವರು.
ಮೈಸೂರಿನ ಜೊತೆಯೋ, ನಮ್ಮ ಗೂಡು ನಮಗೋ ಎಂದು
ಒಂದೇ ಒಲೆಯ ಅಣ್ಣತಮ್ಮಂದಿರು
ಬೆನ್ನು ತಿರುಗಿಸಿ ಕೂತು ಕಡಂಬಿಟ್ಟು ತಿನ್ನುತ್ತಿದ್ದ ಕಾಲ.
ನೆಲ್ಯಹುದಿಕೇರಿಯ ಗದ್ದೆಯಲ್ಲಿ
ಮೊದಲ ಕದಿರು ಕೊಯ್ಯುವಾಗ
ಉತ್ತಯ್ಯ ಆಕಾಶಕ್ಕೆ ಹಾರಿಸಿದ,
ಅವನಜ್ಜ ಹಾರಿಸುತ್ತಿದ್ದ ಹಾಗೆಯೇ.

ಸೇತುವೆಯ ಈ ತುದಿಯಲ್ಲಿ ಕಾವಲಿದ್ದದ್ದು ಬೊಳ್ಳು,
ಮೀಸೆ ಇನ್ನೂ ಸರಿಯಾಗಿ ಬಾರದವನು.
ನನ್ನ ಕಡೆ ತಿರುಗಿ ಕೇಳಿದ:
ರೈಟರೇ, ಇದು ಯಾವ ಲೆಕ್ಕ?
ಊರಿಗೆಲ್ಲ ಗುಂಡಿನ ಅರ್ಥ ಹೇಳುವವನು ನಾನು.
ಬಾಯಿ ತೆರೆಯುವುದಷ್ಟೇ ಇತ್ತು.
ನಾನು ಪೆನ್ಸಿಲ್ ಹುಡುಕುತ್ತಿದ್ದೆ.

ಬೆಳಗಾಗುವ ಹೊತ್ತಿಗೆ ಎಣಿಸಿದ್ದು ಮುನ್ನೂರ ಹನ್ನೆರಡು.
ಹಳೆಯ ಲೆಕ್ಕದಲ್ಲಿ
ಮುನ್ನೂರ ಹನ್ನೆರಡು ಗಂಡುಮಕ್ಕಳು ಹುಟ್ಟಿರಬೇಕು,
ಇಲ್ಲವೇ ನೂರೈವತ್ತಾರು ಜನ ಸತ್ತಿರಬೇಕು.
ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿದ್ದು ಏಳು.
ಬೊಳ್ಳು ಮೂರನೆಯವನು.
ಅದೇ ರಾತ್ರಿ ಚಿಣ್ಣವ್ವ ಹೆತ್ತಿದ್ದಳು, ಗಂಡು.
ಅವನ ಗುಂಡು ಯಾವುದೆಂದು
ಈಗಲೂ ಬಂದು ಕೇಳುತ್ತಾನೆ.

ಆಮೇಲೆ ಎರಡೂ ದಡದಿಂದ ಒಂದೇ ಆಜ್ಞೆ.
ಎರಡೂವರೆ ವರ್ಷದಲ್ಲಿ ಇಬ್ಬರೂ ಒಪ್ಪಿದ್ದು ಅದೊಂದನ್ನೇ:
ಹುಟ್ಟಿಗೆ, ಸಾವಿಗೆ ಮದ್ದು ಹಾಳು ಮಾಡಕೂಡದು.
ಎಲ್ಲದಕ್ಕೂ ಕಂಚಿನ ತಟ್ಟೆ.
ಗಂಡುಮಕ್ಕಳೂ ತಡವಾಗಿ ಹುಟ್ಟತೊಡಗಿದರು.
ಸತ್ತವರು ಇನ್ನೂ ತಡವಾಗಿ ಸತ್ತರು,
ಕೆಲವರು ಇವತ್ತಿಗೂ ಸತ್ತಿಲ್ಲ.
ಕೈಲ್‌ಪೊಳ್ದಿನ ದಿನ ಪೂಜೆಗಿಡಲು ಮನೆಯಲ್ಲಿ ಕೋವಿಯಿಲ್ಲ,
ಎಲ್ಲ ಕೆಲಸದ ಮೇಲೆ ಹೋಗಿದ್ದವು.
ಗೋಡೆಯ ಖಾಲಿ ಗೂಟಕ್ಕೇ ಹೆಂಗಸರು
ತೋಕ್‌ಪೂವು ಸಿಕ್ಕಿಸಿ ಕೈಮುಗಿದರು.

ದೋಣಿಯ ಕುಂಞಾಲಿ, ಎರಡೂ ಕಡೆಯ ಉಪ್ಪು ಸಾಗಿಸುತ್ತಿದ್ದವನು,
ಒಮ್ಮೆ ಹುಟ್ಟು ಹಾಕುತ್ತ ಒಂದು ಕನಸು ಹೇಳಿದ.
ಆ ಕನಸಿನಲ್ಲಿ ನವೆಂಬರಿಗೇ ಒಂದು ಕಾಗದ ಬಂತಂತೆ.
ಯಾರೋ ಸಹಿ ಹಾಕಿದರಂತೆ.
ಮಡಿಕೇರಿಯಲ್ಲಿ ಕೆಲವರು ಸಿಹಿ ಹಂಚಿದರಂತೆ,
ಕೆಲವರು ಮುಖ ಸಿಂಡರಿಸಿ ಮನೆಗೆ ಹೋಗಿ
ಉಂಡು ಮಲಗಿದರಂತೆ. ಅಷ್ಟೇ.
ದೋಣಿ ಅಲ್ಲಾಡುವಷ್ಟು ನಕ್ಕೆವು.
ಇಂಥ ಹೊಳೆಯನ್ನು
ಒಂದು ಕಾಗದ ದಾಟುತ್ತದೆಯೇ, ನೆನೆಯದೆ?

ಕೊನೆಗೆ ಸೇರಿದೆವೋ ಬಿಟ್ಟೆವೋ, ನನ್ನ ಕೇಳಬೇಡಿ.
ಬಸ್ಸಿನ ಬೋರ್ಡು ಎರಡು ಸಲ ಬದಲಾಯಿತು.
ಕೋವಿಗಳು ಗೂಟಕ್ಕೆ ಮರಳಿದವು, ಗುಂಡು ಅಭ್ಯಾಸಕ್ಕೆ ಮರಳಿತು.
ಆದರೂ ಒಂದು ಕೇಳಿದರೆ
ಸಿದ್ದಾಪುರದ ಸಂತೆ ಹಾಗೇ ನಿಲ್ಲುತ್ತದೆ:
ತಕ್ಕಡಿ ತೂಗುತ್ತಿದ್ದ ಕೈ, ಲೋಟಕ್ಕೆ ಇಳಿಯುತ್ತಿದ್ದ ಚಹಾ,
ಹಂದಿಯ ಮೇಲೆತ್ತಿದ ಕತ್ತಿ.
ಎಲ್ಲರೂ ಇನ್ನೊಂದಕ್ಕೆ ಕಿವಿಗೊಟ್ಟು.
ಬಾರದಿದ್ದರೆ ಯಾರೋ ಕೆಮ್ಮುತ್ತಾರೆ,
ಚೌಕಾಸಿ ಮುಂದುವರಿಯುತ್ತದೆ.

ಪುಸ್ತಕದ ಆ ಪುಟಕ್ಕೆ ಗೆದ್ದಲು ಹತ್ತಿದೆ.
ಒಂದು ಸಾಲಿಗೆ ಮಾತ್ರ ನಾನಿನ್ನೂ ಮಸಿ ಹಾಕಿಲ್ಲ.
ಕೊನೆಗೂ ಪೆನ್ಸಿಲ್ ಸಿಕ್ಕಾಗ ಬರೆದದ್ದು,
ಹುಟ್ಟಿನ ಕಡೆಗೆ:
ನೆಲ್ಯಹುದಿಕೇರಿ, ರಾತ್ರಿ ಎಂಟೂ ನಲವತ್ತು.
ಹೆಸರು, ಕದಿರು.
ಹೆಣ್ಣೋ ಗಂಡೋ ಬರೆದಿಲ್ಲ.